2⁶⁷ − 1: ಇಪ್ಪತ್ತೊಂದು ಅಂಕಿಗಳ ಸಂಖ್ಯೆಯೊಂದರ ಒಳಗುಟ್ಟು

ಚದುರಂಗದ ಮಣೆಯ ಮೇಲೆ ಕಾಳು ಇಡುವ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ಮೊದಲ ಮನೆಯಲ್ಲಿ 1 ಕಾಳು, ಎರಡನೆಯದರಲ್ಲಿ 2, ಮೂರನೆಯದರಲ್ಲಿ 4, ಹೀಗೆ ಪ್ರತಿ ಮನೆಗೂ ಇಮ್ಮಡಿ ಮಾಡುತ್ತಾ ಹೋದರೆ 64 ಮನೆಗಳು ತುಂಬುವಷ್ಟರಲ್ಲಿ ಒಟ್ಟು ಕಾಳುಗಳ ಸಂಖ್ಯೆ 2⁶⁴ − 1 ಆಗುತ್ತದೆ. ಆ ಮಣೆಗೆ ಇನ್ನು ಮೂರೇ ಮೂರು ಮನೆಗಳನ್ನು ಸೇರಿಸೋಣ. ಆಗ ಒಟ್ಟು ಕಾಳುಗಳು 2⁶⁷ − 1. ಇದನ್ನು ಬಿಡಿಸಿ ಬರೆದರೆ,

14,75,73,95,25,89,67,64,12,927

ಇದು 21 ಅಂಕಿಗಳ ಸಂಖ್ಯೆ, 14 ಲಕ್ಷ 75 ಸಾವಿರ ಕೋಟಿ ಕೋಟಿಗೂ ಹೆಚ್ಚು. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಸಾಲಾಗಿ 67 ಒಂದುಗಳು, ಮಧ್ಯೆ ಒಂದೂ ಸೊನ್ನೆ ಇಲ್ಲ. ನೋಡಲು ಇಷ್ಟು ಸರಳವಾದ ಈ ಸಂಖ್ಯೆಯ ಬಗ್ಗೆ ಗಣಿತಜ್ಞರು 232 ವರ್ಷ ತಪ್ಪು ಹೇಳಿಕೆಯೊಂದನ್ನು ಹೊತ್ತು ನಡೆದರು. ತಪ್ಪು ಎಂದು ಗೊತ್ತಾದ ಮೇಲೆಯೂ ಅದರ ಒಳಗೇನಿದೆ ಎಂದು ತಿಳಿಯಲು ಮತ್ತೆ 27 ವರ್ಷ ಕಾಯಬೇಕಾಯಿತು. ಆ ಕಾಯುವಿಕೆಯ ಹಿಂದಿರುವ ಕಾರಣವೇ ಇಂದು ಕಂಪ್ಯೂಟರ್ ಜಾಲದ ಗುಟ್ಟುಗಳನ್ನು ಕಾಯುವ ಬೀಗಗಳಿಗೂ ಆಧಾರವಾಗಿದೆ. ಅದು ಹೇಗೆಂದು ನೋಡೋಣ.

ಮರ್ಸೆನ್ ಕೊಟ್ಟ ಪಟ್ಟಿ

1 ಮತ್ತು ತನ್ನನ್ನು ಬಿಟ್ಟು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, 1ಕ್ಕಿಂತ ದೊಡ್ಡ ಸಂಖ್ಯೆ ಅವಿಭಾಜ್ಯ ಸಂಖ್ಯೆ. ಹಾಗೆ ಭಾಗವಾಗುವಂಥದು ಸಂಯುಕ್ತ ಸಂಖ್ಯೆ. 2ರ ಘಾತದಿಂದ 1 ಕಳೆದಾಗ ಬರುವ ಸಂಖ್ಯೆಗಳನ್ನು ಗಮನಿಸಿ: 3, 7, 15, 31, 63, 127... ಇವುಗಳಲ್ಲಿ 3, 7, 31, 127 ಅವಿಭಾಜ್ಯಗಳು. ಇವುಗಳ ಘಾತಸೂಚಿಗಳು ಕ್ರಮವಾಗಿ 2, 3, 5, 7. ಅವೂ ಅವಿಭಾಜ್ಯಗಳೇ. ಇದು ಆಕಸ್ಮಿಕವಲ್ಲ. ಘಾತಸೂಚಿ ಸಂಯುಕ್ತವಾಗಿದ್ದರೆ ಸಂಖ್ಯೆಯೂ ಸಂಯುಕ್ತವಾಗಲೇಬೇಕು. ಉದಾಹರಣೆಗೆ, 6 = 2 × 3 ಆದ್ದರಿಂದ 2⁶ − 1 = 63ನ್ನು 2² − 1 = 3 ಮತ್ತು 2³ − 1 = 7 ಎರಡೂ ಭಾಗಿಸುತ್ತವೆ.

ಹಾಗಾದರೆ ಘಾತಸೂಚಿ ಅವಿಭಾಜ್ಯವಾಗಿದ್ದರೆ ಸಂಖ್ಯೆಯೂ ಅವಿಭಾಜ್ಯವೇ? ಅವಸರ ಬೇಡ. 11 ಅವಿಭಾಜ್ಯ. ಆದರೆ 2¹¹ − 1 = 2047 = 23 × 89. ಎಂದರೆ ಪ್ರತಿಯೊಂದು ಅವಿಭಾಜ್ಯ ಘಾತಸೂಚಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಫ್ರಾನ್ಸಿನ ಕ್ರೈಸ್ತ ಸನ್ಯಾಸಿ ಮರೀನ್ ಮರ್ಸೆನ್ (1588–1648) ಫರ್ಮಾ, ಡೆಕಾರ್ಟ್ ಮೊದಲಾದವರೊಡನೆ ಪತ್ರವ್ಯವಹಾರ ಇಟ್ಟುಕೊಂಡಿದ್ದ ವಿದ್ವಾಂಸ. 1644ರಲ್ಲಿ ಆತ ತನ್ನ ಪುಸ್ತಕವೊಂದರಲ್ಲಿ 257ರವರೆಗಿನ ಘಾತಸೂಚಿಗಳಲ್ಲಿ 2, 3, 5, 7, 13, 17, 19, 31, 67, 127, 257 ಇಷ್ಟಕ್ಕೆ ಮಾತ್ರ ಅವಿಭಾಜ್ಯ ಸಂಖ್ಯೆಗಳು ದೊರೆಯುತ್ತವೆ ಎಂದು ಹೇಳಿದ. ಸಾಧನೆಯನ್ನು ಕೊಡಲಿಲ್ಲ. ಆ ಕಾಲದಲ್ಲಿ ಇಷ್ಟು ದೊಡ್ಡ ಸಂಖ್ಯೆಗಳನ್ನು ಪರೀಕ್ಷಿಸುವ ಉಪಾಯ ಯಾರಲ್ಲಿಯೂ ಇರಲಿಲ್ಲ. ಈ ರೂಪದ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂದೇ ಹೆಸರಾಯಿತು. 31ರ ವಿಷಯದಲ್ಲಿ ಆತ ಹೇಳಿದ್ದು ಸರಿಯೆಂದು 1772ರಲ್ಲಿ ಆಯ್ಲರ್ ತೋರಿಸಿದ. ಆದರೆ ಪಟ್ಟಿ ಪೂರ್ತಿ ಸರಿ ಇರಲಿಲ್ಲ. 61, 89, 107 ಬಿಟ್ಟುಹೋಗಿದ್ದವು. 67 ಮತ್ತು 257 ಸೇರಬಾರದಿದ್ದರೂ ಸೇರಿದ್ದವು.

ತಟ್ಟಿ ನೋಡಿದ ಲ್ಯುಕಾ

67ರ ತಪ್ಪನ್ನು 1876ರಲ್ಲಿ ಹೊರಗೆಡವಿದವರು ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲ್ಯುಕಾ. ಸೋಜಿಗದ ಸಂಗತಿಯೆಂದರೆ, ಸಂಖ್ಯೆ ಸಂಯುಕ್ತ ಎಂದು ಅವರು ಸಾಧಿಸಿದರು, ಆದರೆ ಅದರ ಒಂದು ಅಪವರ್ತನವನ್ನೂ ಹೇಳಲಿಲ್ಲ! ಭಾಗಿಸುವ ಸಂಖ್ಯೆಯನ್ನು ತೋರಿಸದೆ ಭಾಗವಾಗುತ್ತದೆ ಎನ್ನಲು ಸಾಧ್ಯವೆ?

ಹಲಸಿನ ಹಣ್ಣನ್ನು ನೆನೆಸಿಕೊಳ್ಳಿ. ಅನುಭವಸ್ಥರು ಬೆರಳಿನಿಂದ ತಟ್ಟಿ, ಸದ್ದು ಕೇಳಿ ಹಣ್ಣಾಗಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಒಳಗೆ ಎಷ್ಟು ತೊಳೆಗಳಿವೆ ಎಂದು ತಿಳಿಯಲು ಮಾತ್ರ ಕೈಗೆ ಎಣ್ಣೆ ಸವರಿಕೊಂಡು ಕೊಯ್ಯಲೇಬೇಕು. ಲ್ಯುಕಾ ಮಾಡಿದ್ದು ತಟ್ಟಿ ನೋಡುವ ಕೆಲಸ. ಅವರ ವಿಧಾನವನ್ನು ಅಮೆರಿಕದ ಡಿ. ಎಚ್. ಲೆಹ್ಮರ್ 1930ರಲ್ಲಿ ಇನ್ನಷ್ಟು ಸರಳಗೊಳಿಸಿದರು. ಅದು ಹೀಗಿದೆ:

4ರಿಂದ ಆರಂಭಿಸಿ. ಅದರ ವರ್ಗದಿಂದ 2 ಕಳೆಯಿರಿ. ಬಂದದ್ದನ್ನು ಪರೀಕ್ಷಿಸಬೇಕಾದ ಮರ್ಸೆನ್ ಸಂಖ್ಯೆಯಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಆ ಶೇಷಕ್ಕೆ ಇದನ್ನೇ ಮತ್ತೆ ಮಾಡಿ. ಘಾತಸೂಚಿಗಿಂತ ಎರಡು ಕಡಿಮೆ ಬಾರಿ ಹೀಗೆ ಮಾಡಿದಾಗ ಶೇಷ 0 ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ. (ಘಾತಸೂಚಿ 2ಕ್ಕಿಂತ ದೊಡ್ಡ ಅವಿಭಾಜ್ಯವಾಗಿರಬೇಕು.)

ಘಾತಸೂಚಿ 5, ಸಂಖ್ಯೆ 31 ಎಂದಿಟ್ಟುಕೊಳ್ಳಿ. ಮೂರು ಹೆಜ್ಜೆಗಳು ಸಾಕು. ಮೊದಲ ಹೆಜ್ಜೆಯಲ್ಲಿ 16 − 2 = 14. ಎರಡನೆಯದರಲ್ಲಿ 196 − 2 = 194, ಶೇಷ 8. ಮೂರನೆಯದರಲ್ಲಿ 64 − 2 = 62, ಶೇಷ 0. ಆದ್ದರಿಂದ 31 ಅವಿಭಾಜ್ಯ. ಈಗ ಘಾತಸೂಚಿ 11, ಸಂಖ್ಯೆ 2047. ಒಂಬತ್ತು ಹೆಜ್ಜೆಗಳ ಶೇಷಗಳು: 14, 194, 788, 701, 119, 1877, 240, 282, 1736. ಕೊನೆಯದು 0 ಅಲ್ಲ. ಆದ್ದರಿಂದ 2047 ಸಂಯುಕ್ತ. ಈ ಲೆಕ್ಕದಲ್ಲಿ 23 ಆಗಲಿ 89 ಆಗಲಿ ಎಲ್ಲಿಯೂ ಇಣುಕಲಿಲ್ಲ ಎಂಬುದನ್ನು ಗಮನಿಸಿ. 67ಕ್ಕೆ ಇಂಥ 65 ಹೆಜ್ಜೆಗಳು ಬೇಕು. ಬೇಸರದ ಲೆಕ್ಕ ನಿಜ, ಆದರೆ ಕೈಯಿಂದ ಮಾಡಿ ಮುಗಿಸಬಹುದಾದದ್ದು.

ಅಪವರ್ತನಗಳನ್ನು ಅರಸುವ ಬಗೆ

ಇನ್ನು ಕೊಯ್ದು ನೋಡುವ ಕೆಲಸ. ಒಂದು ಸಂಯುಕ್ತ ಸಂಖ್ಯೆಯ ಅತಿ ಚಿಕ್ಕ ಅವಿಭಾಜ್ಯ ಅಪವರ್ತನ ಅದರ ವರ್ಗಮೂಲವನ್ನು ಮೀರುವಂತಿಲ್ಲ. ನಮ್ಮ ಸಂಖ್ಯೆಯ ವರ್ಗಮೂಲ ಸುಮಾರು 1215 ಕೋಟಿ. ಅಲ್ಲಿಯವರೆಗೆ 50 ಕೋಟಿಗೂ ಹೆಚ್ಚು ಅವಿಭಾಜ್ಯಗಳಿವೆ. ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಲು ಆಗದು. ಅದೃಷ್ಟವಶಾತ್ ಎರಡು ಸುಳಿವುಗಳಿವೆ.

ಮೊದಲ ಸುಳಿವು ಫರ್ಮಾನ ಕಿರು ಪ್ರಮೇಯದಿಂದ ಬರುತ್ತದೆ. ಭ ಎಂಬುದು 2ನ್ನು ಬಿಟ್ಟು ಬೇರೆ ಯಾವುದೇ ಅವಿಭಾಜ್ಯವಾಗಿರಲಿ, 2ರ (ಭ − 1)ನೆಯ ಘಾತವನ್ನು ಭ ಇಂದ ಭಾಗಿಸಿದರೆ ಶೇಷ 1. ಉದಾಹರಣೆಗೆ, 2⁶ = 64ನ್ನು 7ರಿಂದ ಭಾಗಿಸಿ ನೋಡಿ. 2ರ ಘಾತಗಳನ್ನು ಒಂದಾದ ಮೇಲೊಂದರಂತೆ ಭ ಇಂದ ಭಾಗಿಸುತ್ತಾ ಹೋದರೆ ಶೇಷಗಳು ಗಡಿಯಾರದ ಮುಳ್ಳಿನಂತೆ ಸುತ್ತಿ ಸುತ್ತಿ ಬರುತ್ತವೆ. ಒಂದು ಸುತ್ತು ಮುಗಿದಾಗಲೆಲ್ಲ ಶೇಷ 1 ಬರುತ್ತದೆ, ನಡುವೆ ಬರುವುದಿಲ್ಲ. ಈಗ ಭ ನಮ್ಮ ಸಂಖ್ಯೆಯ ಅಪವರ್ತನ ಎಂದುಕೊಳ್ಳಿ. ಆಗ 2⁶⁷ರ ಶೇಷವೂ 1. ಎಂದರೆ 67 ಹೆಜ್ಜೆಗಳಲ್ಲಿ ಪೂರ್ಣ ಸುತ್ತುಗಳು ಮುಗಿದಿರಬೇಕು. 67 ಅವಿಭಾಜ್ಯ, ಒಂದೇ ಹೆಜ್ಜೆಯ ಸುತ್ತು ಸಾಧ್ಯವಿಲ್ಲ. ಆದ್ದರಿಂದ ಸುತ್ತಿನ ಉದ್ದ ಸರಿಯಾಗಿ 67. ಫರ್ಮಾನ ಪ್ರಮೇಯದ ಪ್ರಕಾರ (ಭ − 1) ಹೆಜ್ಜೆಗಳಲ್ಲಿಯೂ ಪೂರ್ಣ ಸುತ್ತುಗಳು ಮುಗಿಯುತ್ತವೆ. ಹೀಗಾಗಿ 67 ಎಂಬುದು (ಭ − 1)ನ್ನು ಭಾಗಿಸಬೇಕು. ಭ ಬೆಸ ಸಂಖ್ಯೆ, ಆದ್ದರಿಂದ (ಭ − 1) ಸಮಸಂಖ್ಯೆ. ಎರಡೂ ಸೇರಿದರೆ 134 ಅದನ್ನು ಭಾಗಿಸುತ್ತದೆ. ಪ್ರತಿ ಅಪವರ್ತನವೂ 134ರ ಅಪವರ್ತ್ಯಕ್ಕಿಂತ 1 ಹೆಚ್ಚಾಗಿರಲೇಬೇಕು. 2047ರಲ್ಲಿ ಇದನ್ನು ತಾಳೆ ನೋಡಿ: 23 = 22 + 1, 89 = 4 × 22 + 1.

ಎರಡನೆಯ ಸುಳಿವು: 2⁶⁷ರ ಶೇಷ 1 ಆದರೆ 2⁶⁸ರ ಶೇಷ 2. ಆದರೆ 2⁶⁸ ಎಂಬುದು 2³⁴ರ ವರ್ಗ. ಎಂದರೆ ಭ ಇಂದ ಭಾಗಿಸಿದಾಗ ಒಂದು ಪೂರ್ಣವರ್ಗದ ಶೇಷ 2 ಆಗುತ್ತದೆ. ಹೀಗಾಗಬೇಕಾದರೆ ಭ ಸಂಖ್ಯೆಯನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಆಗಿರಬೇಕೆಂಬುದು ಸಂಖ್ಯಾಶಾಸ್ತ್ರದ ಒಂದು ಪ್ರಸಿದ್ಧ ಫಲಿತಾಂಶ.

ಈ ಎರಡು ಜರಡಿಗಳಲ್ಲಿ ಸೋಸಿ ನೋಡಿ. ಉಳಿಯುವವು 135, 537, 671, 1073, 1207, 1609... ಇವುಗಳಲ್ಲಿ ಮೊದಲ ಐದು ಸಂಯುಕ್ತಗಳು (135ನ್ನು 5, 537ನ್ನು 3, 671ನ್ನು 11, 1073ನ್ನು 29, 1207ನ್ನು 17 ಭಾಗಿಸುತ್ತವೆ). ಹೀಗಾಗಿ ಪರೀಕ್ಷಿಸಬೇಕಾದ ಮೊದಲ ಅವಿಭಾಜ್ಯ 1609. ಅದಕ್ಕಿಂತ ಚಿಕ್ಕವಾದ 253 ಅವಿಭಾಜ್ಯಗಳನ್ನು ಒಂದು ಭಾಗಾಕಾರವನ್ನೂ ಮಾಡದೆ ನಾವು ಕೈಬಿಟ್ಟೆವು!

1609 ಅಪವರ್ತನವೇ? ಇದಕ್ಕೆ 21 ಅಂಕಿಗಳ ಸಂಖ್ಯೆಯನ್ನು ಮುಟ್ಟಬೇಕಾಗಿಲ್ಲ. ಶೇಷಗಳನ್ನೇ ವರ್ಗ ಮಾಡುತ್ತಾ ಹೋದರಾಯಿತು. 2¹¹ = 2048ರ ಶೇಷ 439. 2²²ಕ್ಕೆ 439ರ ವರ್ಗ 1,92,721, ಅದರ ಶೇಷ 1250. 2⁴⁴ಕ್ಕೆ 1250ರ ವರ್ಗ 15,62,500, ಶೇಷ 161. 2⁶⁶ಕ್ಕೆ 1250 × 161 = 2,01,250, ಶೇಷ 125. ಕೊನೆಗೆ 2⁶⁷ರ ಶೇಷ 250. ಅದು 1 ಆಗಿಲ್ಲ. ಆದ್ದರಿಂದ 1609 ಅಪವರ್ತನವಲ್ಲ.

ಮುಂದಿನದನ್ನು ಹಿಡಿಯಿರಿ, ಅದರ ಮುಂದಿನದನ್ನು ಹಿಡಿಯಿರಿ... ವರ್ಗಮೂಲದವರೆಗೆ ಹೀಗೆ ಪರೀಕ್ಷಿಸಬೇಕಾದ ಅವಿಭಾಜ್ಯಗಳು ಸುಮಾರು 40 ಲಕ್ಷ. ಒಂದಕ್ಕೆ ಹತ್ತು ನಿಮಿಷದಂತೆ ದಿನಕ್ಕೆ ಎಂಟು ಗಂಟೆ ದುಡಿದರೂ ಎಲ್ಲ ಮುಗಿಯಲು 200 ವರ್ಷಕ್ಕೂ ಹೆಚ್ಚು ಬೇಕು. ಎಲ್ಲಿ ಸಿಕ್ಕೀತು ಎಂಬುದು ಹುಡುಕುವವನಿಗೆ ಮೊದಲೇ ಗೊತ್ತಿರುವುದಿಲ್ಲ.

ಮಾತಿಲ್ಲದ ಉಪನ್ಯಾಸ

ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್ ಇದಕ್ಕೆ ಕೈಹಾಕಿದರು. ಮೇಲಿನ ಎರಡನೆಯ ಸುಳಿವಿನಂಥ ವರ್ಗಶೇಷಗಳ ಸುಳಿವುಗಳನ್ನು ಅವರು ಇನ್ನೂ ಹಲವು ಕಲೆಹಾಕಿದರು. ಒಂದೊಂದು ಹೊಸ ಸುಳಿವೂ ಉಳಿದ ಅಭ್ಯರ್ಥಿಗಳನ್ನು ಸರಿಸುಮಾರು ಅರ್ಧಕ್ಕೆ ಇಳಿಸುತ್ತದೆ. ಇಂಥ ಹತ್ತು ಸುಳಿವುಗಳು ದೊರೆತರೆ ಸಾವಿರದಲ್ಲಿ ಒಂದು ಮಾತ್ರ ಉಳಿಯುತ್ತದೆ.

1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆ. ದೊಡ್ಡ ಸಂಖ್ಯೆಗಳ ಅಪವರ್ತನವನ್ನು ಕುರಿತು ಕೋಲ್ ಅವರ ಪ್ರಬಂಧವಿತ್ತು. ಗಣಿತಜ್ಞ ಇ. ಟಿ. ಬೆಲ್ ಅನಂತರ ಬರೆದ ಪ್ರಕಾರ, ಮಿತಭಾಷಿಯಾದ ಕೋಲ್ ಹಲಗೆಯ ಬಳಿಗೆ ನಡೆದು, ಏನನ್ನೂ ಹೇಳದೆ, 2⁶⁷ನ್ನು ಲೆಕ್ಕಮಾಡಿ 1 ಕಳೆದರು. ಹಲಗೆಯ ಇನ್ನೊಂದು ಬದಿಗೆ ಸರಿದು ಎರಡು ಸಂಖ್ಯೆಗಳನ್ನು ಬರೆದು ಗುಣಿಸಿದರು:

19,37,07,721 × 7,61,83,82,57,287

ಎರಡೂ ಬದಿಯ ಉತ್ತರಗಳು ಒಂದೇ ಆದವು. ಕೋಲ್ ಬಾಯಿ ತೆರೆಯದೆ ಹೋಗಿ ಕುಳಿತರು. ಸಭೆ ಚಪ್ಪಾಳೆ ತಟ್ಟಿತು. ಯಾರೂ ಪ್ರಶ್ನೆ ಕೇಳಲಿಲ್ಲ. ಇದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಬೆಲ್ ಹಲವು ವರ್ಷಗಳ ಮೇಲೆ ವಿಚಾರಿಸಿದಾಗ, ಮೂರು ವರ್ಷಗಳ ಭಾನುವಾರಗಳು ಎಂಬ ಉತ್ತರ ಬಂತಂತೆ. ಕಥೆಗೆ ಸ್ವಲ್ಪ ಬಣ್ಣ ಕೂಡಿರಬಹುದು. ಅಪವರ್ತನಗಳು ಮಾತ್ರ ಅಪ್ಪಟ ಸತ್ಯ.

ಅದನ್ನು ನಂಬಬೇಕಾಗಿಲ್ಲ, ನೀವೇ ಮಾಡಿ ನೋಡಿ. ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ 21 ಅಂಕಿಗಳು ಹಿಡಿಸುವುದಿಲ್ಲ. ಆದ್ದರಿಂದ ಸಂಖ್ಯೆಗಳನ್ನು ಬಲದಿಂದ ಮೂರು ಮೂರು ಅಂಕಿಗಳಂತೆ ಬಿಡಿಸಿಕೊಳ್ಳಿ. ಮೊದಲನೆಯದು 193 | 707 | 721. ಎರಡನೆಯದು 761 | 838 | 257 | 287. ಈ ತುಂಡುಗಳನ್ನೇ ಅಂಕಿಗಳೆಂದು ತಿಳಿದು ಗುಣಿಸಿ. ಪ್ರತಿ ಸ್ಥಾನದಲ್ಲಿ ಕೊನೆಯ ಮೂರು ಅಂಕಿಗಳನ್ನು ಬರೆದು ಉಳಿದದ್ದನ್ನು ದಶಕವಾಗಿ ಮುಂದಕ್ಕೆ ಒಯ್ಯಿರಿ.

ಮೊದಲ ಸ್ಥಾನ: 721 × 287 = 2,06,927. ಬರೆಯುವುದು 927, ದಶಕ 206.

ಎರಡನೆಯದು: 721 × 257 + 707 × 287 + 206 = 3,88,412. ಬರೆಯುವುದು 412, ದಶಕ 388.

ಮೂರನೆಯದು: 721 × 838 + 707 × 257 + 193 × 287 + 388 = 8,41,676. ಬರೆಯುವುದು 676, ದಶಕ 841.

ನಾಲ್ಕನೆಯದು: 721 × 761 + 707 × 838 + 193 × 257 + 841 = 11,91,589. ಬರೆಯುವುದು 589, ದಶಕ 1191.

ಐದನೆಯದು: 707 × 761 + 193 × 838 + 1191 = 7,00,952. ಬರೆಯುವುದು 952, ದಶಕ 700.

ಆರನೆಯದು: 193 × 761 + 700 = 1,47,573.

ಎಡದಿಂದ ಜೋಡಿಸಿದರೆ 147573 | 952 | 589 | 676 | 412 | 927. ಇದೇ 2⁶⁷ − 1! ಸುಳಿವುಗಳೂ ತಾಳೆಯಾಗುತ್ತವೆ. 19,37,07,721 = 134 × 14,45,580 + 1, ಅದನ್ನು 8ರಿಂದ ಭಾಗಿಸಿದರೆ ಶೇಷ 1. 7,61,83,82,57,287 = 134 × 5,68,53,60,129 + 1, ಅದನ್ನು 8ರಿಂದ ಭಾಗಿಸಿದರೆ ಶೇಷ 7. ಎರಡೂ ಅವಿಭಾಜ್ಯಗಳು. ಆದ್ದರಿಂದ ನಮ್ಮ ಸಂಖ್ಯೆಗೆ ಭಾಜಕಗಳು ನಾಲ್ಕೇ ನಾಲ್ಕು: 1, ಈ ಎರಡು ಮತ್ತು ಅದೇ ಸಂಖ್ಯೆ.

ಸುಲಭ ಯಾವುದು, ಕಷ್ಟ ಯಾವುದು?

ಹನ್ನೆರಡು ಸಣ್ಣ ಗುಣಾಕಾರಗಳಲ್ಲಿ ನೀವು ಮುಗಿಸಿದ ಕೆಲಸವನ್ನು ಹಿಂದುಮುಂದಾಗಿ ಮಾಡಲು ಕೋಲ್ ಅವರಿಗೆ ವರ್ಷಗಳು ಹಿಡಿದವು. ಇದೇ ಈ ಕಥೆಯ ತಿರುಳು. ಇಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ: ಗುಣಿಸುವುದು, ಅವಿಭಾಜ್ಯವೇ ಎಂದು ಪರೀಕ್ಷಿಸುವುದು, ಅಪವರ್ತಿಸುವುದು. ಮೊದಲನೆಯದು ಸುಲಭ. ಎರಡನೆಯದೂ ಸುಲಭವೆಂದು ಪೂರ್ಣವಾಗಿ ಸಾಧಿಸಿದವರು ನಮ್ಮವರೇ. ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ 2002ರ ಆಗಸ್ಟಿನಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಮರ್ಸೆನ್ ಸಂಖ್ಯೆಯಷ್ಟೇ ಅಲ್ಲ, ಯಾವುದೇ ಸಂಖ್ಯೆಯನ್ನು ಕೊಟ್ಟರೂ, ಅಂಕಿಗಳು ಹೆಚ್ಚಿದಂತೆ ಕೆಲಸ ಕೈಮೀರಿ ಬೆಳೆಯದ ಹಾಗೆ, ಅದೃಷ್ಟದ ಹಂಗಿಲ್ಲದೆ ಅವಿಭಾಜ್ಯವೇ ಎಂದು ಅದು ನಿರ್ಣಯಿಸುತ್ತದೆ. ಆಗ ಕಯಾಲ್ ಮತ್ತು ಸಕ್ಸೇನಾ ಆಗತಾನೆ ಬಿ.ಟೆಕ್. ಮುಗಿಸಿದ್ದ ವಿದ್ಯಾರ್ಥಿಗಳು.

ಮೂರನೆಯದಾದ ಅಪವರ್ತನಕ್ಕೆ ಸಾಮಾನ್ಯ ಕಂಪ್ಯೂಟರುಗಳಲ್ಲಿ ಅಂಥ ಸುಲಭ ವಿಧಾನ ಈವರೆಗೆ ಯಾರಿಗೂ ದೊರೆತಿಲ್ಲ. ಅಂಥದು ಇಲ್ಲವೇ ಇಲ್ಲವೆಂದೂ ಯಾರೂ ಸಾಧಿಸಿಲ್ಲ. ಈ ಅಂತರವನ್ನೇ ಬಳಸಿಕೊಂಡು 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಗೂಢಲಿಪಿಯೊಂದನ್ನು ರಚಿಸಿದರು. ಅದೇ ಅವರ ಹೆಸರುಗಳ ಮೊದಲಕ್ಷರಗಳಿಂದ ಕರೆಯಲಾಗುವ ಆರ್‌ಎಸ್‌ಎ ವಿಧಾನ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಗುಣಲಬ್ಧವನ್ನು ಎಲ್ಲರಿಗೂ ತಿಳಿಸಲಾಗುತ್ತದೆ. ಬೀಗ ಹಾಕಲು ಅದು ಸಾಕು. ತೆರೆಯಲು ಮಾತ್ರ ಎರಡು ಅಪವರ್ತನಗಳು ಗೊತ್ತಿರಬೇಕು. ಅವರು ಆಗ ಸವಾಲಾಗಿ ಮುಂದಿಟ್ಟ 129 ಅಂಕಿಗಳ ಸಂಖ್ಯೆಯನ್ನು ಅಂತರಜಾಲದ ಮೂಲಕ ನೂರಾರು ಮಂದಿ ಸೇರಿ 1994ರಲ್ಲಿ ಒಡೆದರು. 250 ಅಂಕಿಗಳ ಇನ್ನೊಂದು ಸಂಖ್ಯೆ 2020ರಲ್ಲಿ ಒಡೆಯಿತು. ಆದ್ದರಿಂದಲೇ ಈಗ ಬಳಕೆಯಲ್ಲಿರುವ ಆರ್‌ಎಸ್‌ಎ ಬೀಗಗಳಲ್ಲಿ 600ಕ್ಕೂ ಹೆಚ್ಚು ಅಂಕಿಗಳ ಸಂಖ್ಯೆಗಳಿರುತ್ತವೆ. ಕ್ವಾಂಟಂ ಕಂಪ್ಯೂಟರಿನಲ್ಲಿ ಅಪವರ್ತನ ಸುಲಭವಾಗುತ್ತದೆಂದು ಪೀಟರ್ ಶೋರ್ 1994ರಲ್ಲಿ ತೋರಿಸಿದ್ದಾರೆ. ಅದಕ್ಕೆ ಬೇಕಾದಷ್ಟು ದೊಡ್ಡ ಯಂತ್ರ ಸಿದ್ಧವಾದ ದಿನ ಬೀಗಗಳನ್ನು ಬದಲಿಸಬೇಕಾಗುತ್ತದೆ. ಆ ತಯಾರಿ ಈಗಾಗಲೇ ಆರಂಭವಾಗಿದೆ.

ಮರ್ಸೆನ್ ಸಂಖ್ಯೆಗಳ ಬೇಟೆಯೂ ನಿಂತಿಲ್ಲ. 2024ರ ಅಕ್ಟೋಬರಿನಲ್ಲಿ 13,62,79,841 ಎಂಬ ಘಾತಸೂಚಿಗೆ ಅವಿಭಾಜ್ಯ ದೊರೆಯಿತು. ಅದರಲ್ಲಿ 4,10,24,320 ಅಂಕಿಗಳಿವೆ. ಅದು ಪತ್ತೆಯಾದ 52ನೆಯ ಮರ್ಸೆನ್ ಅವಿಭಾಜ್ಯ. ಅದನ್ನು ಖಚಿತಪಡಿಸಲು ಬಳಸಿದ್ದು ಲ್ಯುಕಾ ಮತ್ತು ಲೆಹ್ಮರ್ ಅವರ, ನಾವು 31ಕ್ಕೆ ಮಾಡಿದ ಅದೇ ಪರೀಕ್ಷೆ. ಇಂಥ ಅವಿಭಾಜ್ಯಗಳು ಅನಂತವೇ ಎಂಬ ಪ್ರಶ್ನೆಗೆ ಗಣಿತಲೋಕ ಇನ್ನೂ ಉತ್ತರ ಕಂಡಿಲ್ಲ.

ತರಗತಿಯಲ್ಲಿ

ಶಿಕ್ಷಕರು ಇದನ್ನು ಒಂದು ಅವಧಿಯ ಚಟುವಟಿಕೆಯಾಗಿ ಮಾಡಿಸಬಹುದು. ಒಂದು ಗುಂಪು ಹಲಗೆಯ ಎಡಬದಿಯಲ್ಲಿ 2ರಿಂದ ಆರಂಭಿಸಿ ಇಮ್ಮಡಿ ಮಾಡುತ್ತಾ 2⁶⁷ ತಲುಪಲಿ. ಇನ್ನೊಂದು ಗುಂಪು ಬಲಬದಿಯಲ್ಲಿ ಹನ್ನೆರಡು ಗುಣಾಕಾರಗಳನ್ನು ಮಾಡಲಿ. ಮೂರನೆಯ ಗುಂಪು 9ರ ಶೇಷದಿಂದ ತಾಳೆ ನೋಡಲಿ: ಎರಡು ಅಪವರ್ತನಗಳ ಅಂಕಿಗಳ ಮೊತ್ತ 37 ಮತ್ತು 64, ಎರಡರ ಶೇಷವೂ 1. ಗುಣಲಬ್ಧದ ಅಂಕಿಗಳ ಮೊತ್ತ 109, ಅದರ ಶೇಷವೂ 1. ಅಷ್ಟರಿಂದಲೇ ಗುಣಾಕಾರ ಸರಿಯೆಂದು ಹೇಳಬಹುದೇ ಎಂದು ಮಕ್ಕಳನ್ನು ಕೇಳಿ. ಎರಡು ಅಂಕಿಗಳು ಅದಲುಬದಲಾಗಿದ್ದರೆ ಈ ಪರೀಕ್ಷೆಗೆ ಗೊತ್ತಾಗುತ್ತದೆಯೇ ಎಂದೂ ಕೇಳಿ. ಹೆಚ್ಚಿನ ತರಗತಿಯವರು 2²³ − 1 = 83,88,607ರ ಅಪವರ್ತನಗಳನ್ನು ಮೇಲಿನ ಎರಡು ಸುಳಿವುಗಳಿಂದ ಹುಡುಕಲಿ. ಮೊದಲ ಪ್ರಯತ್ನದಲ್ಲಿಯೇ ಫಲ ಸಿಗುತ್ತದೆ.

ಮರ್ಸೆನ್ ದೊಡ್ಡ ವಿದ್ವಾಂಸ, ಆದರೂ ಆತನ ಪಟ್ಟಿಯಲ್ಲಿ ತಪ್ಪಿತ್ತು. ಕೋಲ್ ತಮ್ಮ ವಿದ್ವತ್ತನ್ನು ಮುಂದೊಡ್ಡಲಿಲ್ಲ, ಗುಣಾಕಾರವನ್ನು ಮುಂದಿಟ್ಟರು. ಯಾರು ಹೇಳಿದರು ಎಂಬುದಕ್ಕಿಂತ ತಾಳೆಯಾಗುತ್ತದೆಯೇ ಎಂಬುದು ಮುಖ್ಯ ಎನ್ನುವುದನ್ನು ಮಕ್ಕಳು ಪುಸ್ತಕದಲ್ಲಿ ಓದುವುದಕ್ಕಿಂತ ಹಲಗೆಯ ಮೇಲೆ ಎರಡು ಉತ್ತರಗಳು ಒಂದಾಗುವುದನ್ನು ನೋಡಿ ಹೆಚ್ಚು ಚೆನ್ನಾಗಿ ಕಲಿಯುತ್ತಾರೆ.